ಒಂದರಿ ಬಿಸಿಲು

ಜಯನಗರದ ನಮ್ಮ ಮನೆಗೆ ಬೆಳಗಿನ ಬಿಸಿಲು ನೇರವಾಗಿ ಬರುವುದಿಲ್ಲ. ರಸ್ತೆಯಂಚಿನ ಮಳೆಮರ ಅದನ್ನು ಮೊದಲು ತಾನು ಹಿಡಿದು, ತನಗೆ ಬೇಕಾದಷ್ಟು ಇಟ್ಟುಕೊಂಡು, ಮಿಕ್ಕಿದ್ದನ್ನು ಕಾಂಪೌಂಡಿನೊಳಕ್ಕೆ ಉದುರಿಸುತ್ತದೆ. ಅಮ್ಮ ಅದಕ್ಕೆ ಒಂದರಿ ಬಿಸಿಲು ಅನ್ನುತ್ತಾಳೆ. ವಾರಕ್ಕೊಮ್ಮೆ ರಾಗಿ ಹಿಟ್ಟು ಒಂದರಿ ಹಿಡಿಯುವವಳಿಗೆ ಹೊಳೆಯುವಂಥ ಹೆಸರೇ. ಎಷ್ಟೋ ವರ್ಷ ನಾನದನ್ನು ಬರೀ ಚಂದದ ಮಾತು ಅಂದುಕೊಂಡಿದ್ದೆ. ಅದರಲ್ಲಿ ಲೆಕ್ಕವೂ ಇದೆ ಅಂತ ಗೊತ್ತಾಗಿದ್ದು ಒಂದು ಮಲ್ಲಿಗೆ ಬಳ್ಳಿಯ ದೆಸೆಯಿಂದ.

ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಗೇಟಿನ ಹತ್ತಿರ ಕೊಂಡುತಂದ ದುಂಡುಮಲ್ಲಿಗೆ ಅದು. ಮೂರು ವರ್ಷದಲ್ಲಿ ಕಿಟಕಿಯ ಸರಳು ಹಿಡಿದು, ಸಜ್ಜೆಗೆ ಹತ್ತಿ, ನೀರಿನ ಪೈಪನ್ನೂ ಸುತ್ತಿಕೊಂಡಿತು. ಹೂವು ಮಾತ್ರ ಒಂದು ಸಲವೂ ಬೊಗಸೆ ತುಂಬಲಿಲ್ಲ. ನಾನು ಕಡಲೆಕಾಯಿ ಹಿಂಡಿ ಹಾಕಿದೆ, ಸಗಣಿ ಗೊಬ್ಬರ ಹಾಕಿದೆ, ಯಾರೋ ಹೇಳಿದರು ಅಂತ ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರನ್ನೂ ಹಾಕಿದೆ. ನೊಣ ಬಂತು, ಹೂವು ಬರಲಿಲ್ಲ.

“ಅದಕ್ಕೆ ಹೊಟ್ಟೆಗೇನೂ ಕಮ್ಮಿಯಾಗಿಲ್ಲ ಕಣೇ,” ಅಂದಳು ಅಮ್ಮ. “ಬಿಸಿಲು ಹುಡುಕ್ಕೊಂಡು ಹೊರಟಿದೆ. ದಾರೀಲಿರೋರು ಯಾರಾದ್ರೂ ಹೂ ಬಿಡ್ತಾರಾ?”

ಬೆಳಕು ಕಮ್ಮಿ ಅಂದಮೇಲೆ ಕಮ್ಮಿ, ಅದರಲ್ಲಿ ಹುಡುಕುವುದೇನು ಬಂತು ಅಂತ ನನ್ನ ವಾದ. ನಮ್ಮ ಮನೆಯ ದಕ್ಷಿಣಕ್ಕೂ ನೆರಳೇ ಇದೆ. ಪಕ್ಕದ ಸೈಟಿನಲ್ಲಿ ನಾಲ್ಕು ಮಹಡಿ ಎದ್ದಮೇಲೆ ಆ ಕಡೆಯ ಓಣಿಗೆ ಬಿಸಿಲೇ ಇಲ್ಲ. ಹಾಗಾದರೆ ಮರದ ನೆರಳಿಗೂ ಗೋಡೆಯ ನೆರಳಿಗೂ ವ್ಯತ್ಯಾಸವೇನು? ಒಂದು ಭಾನುವಾರ ಎರಡು ಕುಂಡಗಳಲ್ಲಿ ಒಂದೇ ಮಣ್ಣು ತುಂಬಿ ಐದೈದು ಅಲಸಂದೆ ಬೀಜ ಊರಿದೆ. ಒಂದನ್ನು ಮಳೆಮರದ ಕೆಳಗೆ ಇಟ್ಟೆ, ಇನ್ನೊಂದನ್ನು ಗೋಡೆಯ ಮಗ್ಗುಲಿಗೆ. ಮೊಬೈಲಿನಲ್ಲಿ ಬೆಳಕು ಅಳೆಯುವ ಲಕ್ಸ್ ಆಪ್‌ ಹಿಡಿದು ನೋಡಿ, ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಅಂಕಿ ಬರುವ ಜಾಗ ಹುಡುಕಿದ್ದೆ. ಪ್ರಯೋಗಶಾಲೆಯವರು ನಗುತ್ತಾರೆ, ನಗಲಿ.

ಮೂರು ವಾರ ಕಳೆಯಿತು. ಎರಡೂ ಕುಂಡದ ಸಸಿಗಳು ಬಯಲಿನ ಸಸಿಗಳಿಗಿಂತ ಸಪೂರ. ಬೆಳಕು ಕಡಿಮೆಯಾದರೆ ಯಾವ ಗಿಡವಾದರೂ ಒಂದಿಷ್ಟು ಎಳೆದುಕೊಳ್ಳುತ್ತದೆ. ಆದರೆ ಗೋಡೆ ಮಗ್ಗುಲಿನವು ಸಪ್ಪೆ ಮುಖ ಹಾಕಿಕೊಂಡು ಇದ್ದಲ್ಲೇ ನಿಂತಿದ್ದವು. ಗೆಣ್ಣಿಗೆ ಗೆಣ್ಣು ಹತ್ತಿರ, ಎಲೆ ಅಗಲ. ಮರದ ಕೆಳಗಿನವು ಮಾತ್ರ ಯಾರೋ ಕಿವಿ ಹಿಡಿದು ಎಳೆದ ಹಾಗೆ ಉದ್ದುದ್ದ ಹೋಗಿದ್ದವು. ಒಂದು ಗೆಣ್ಣಿನಿಂದ ಇನ್ನೊಂದಕ್ಕೆ ನನ್ನ ನಡುಬೆರಳಿನಷ್ಟು ದೂರ. ಐದೂ ಗೇಟಿನ ಕಡೆಗೆ, ಮರದ ಹರವು ಮುಗಿಯುವ ದಿಕ್ಕಿಗೆ ವಾಲಿದ್ದವು.

ಅಮ್ಮನ ಒಂದರಿಯನ್ನೇ ಮುಂದಿಟ್ಟುಕೊಂಡು ಹೇಳುವುದಾದರೆ, ಅಡುಗೆಮನೆಯ ಒಂದರಿ ನುಣುಪು ಹಿಟ್ಟನ್ನು ಕೆಳಗೆ ಬಿಟ್ಟು ತೌಡನ್ನು ಮೇಲೆ ಉಳಿಸಿಕೊಳ್ಳುತ್ತದೆ. ಮರದ್ದು ತದ್ವಿರುದ್ಧ, ಹಿಟ್ಟು ತನಗೆ, ತೌಡು ಕೆಳಗಿನವರಿಗೆ. ಬಿಸಿಲಿನಲ್ಲಿ ಎಲೆಗೆ ಹಿಟ್ಟು ಅಂದರೆ ಕೆಂಪು ಮತ್ತು ನೀಲಿ ಬೆಳಕು. ಪತ್ರಹರಿತ್ತು ಇವೆರಡನ್ನೂ ಹತ್ತರಲ್ಲಿ ಒಂಬತ್ತು ಪಾಲು ಹೀರಿಬಿಡುತ್ತದೆ. ಹಸಿರನ್ನು ಸ್ವಲ್ಪ ಹೆಚ್ಚು ಬಿಟ್ಟುಕೊಡುವುದರಿಂದಲೇ ನಮಗೆ ಎಲೆ ಹಸಿರಾಗಿ ಕಾಣುವುದು. ಇನ್ನು ಕೆಂಪು ಮುಗಿದು, ನಮ್ಮ ಕಣ್ಣು ಕೈಬಿಡುವ ಅಂಚಿನಲ್ಲಿ, ಬೆಳಕಿನ ಅಲೆಯುದ್ದದ ಲೆಕ್ಕದಲ್ಲಿ 700 ನ್ಯಾನೋಮೀಟರಿನಿಂದಾಚೆಗೆ ಇನ್ನೊಂದು ಬೆಳಕಿದೆ. ಇಂಗ್ಲಿಷಿನವರು ಫಾರ್ ರೆಡ್ ಅನ್ನುತ್ತಾರೆ. ಸೀರೆಯ ಅಂಚಿನ ಹಾಗೆ ಇರುವುದರಿಂದ ನಾನು ಅಂಚುಗೆಂಪು ಅಂತ ಕರೆದುಕೊಂಡಿದ್ದೇನೆ. ಎಲೆಗೆ ಇದು ಬೇಡವೇ ಬೇಡ. ಬಹುಪಾಲನ್ನು ಹಿಂದಕ್ಕೆ ಎಸೆಯುತ್ತದೆ, ಇಲ್ಲವೇ ಕೆಳಕ್ಕೆ ಸಾಗಹಾಕುತ್ತದೆ.

ಹಾಗಾಗಿ ಬಯಲಿನ ಬಿಸಿಲಿನಲ್ಲಿ ಕೆಂಪೂ ಅಂಚುಗೆಂಪೂ ಹೆಚ್ಚುಕಮ್ಮಿ ಸಮಸಮ ಇದ್ದರೆ, ಕೆಂಪೇ ಒಂದು ಗುಲಗಂಜಿ ಮೇಲು, ದಟ್ಟ ಮರದ ಕೆಳಗೆ ಅಂಚುಗೆಂಪು ಕೆಂಪಿನ ಐದು ಪಟ್ಟಿಗೂ ಮೀರಬಹುದು. ಗೋಡೆ ಹೀಗೆ ಆರಿಸುವುದಿಲ್ಲ. ಅದು ಎಲ್ಲ ಬಣ್ಣಕ್ಕೂ ಒಂದೇ ಸಮನೆ ಅಡ್ಡ ನಿಲ್ಲುತ್ತದೆ, ಓಣಿಗೆ ಸಿಗುವುದು ಆಕಾಶದಿಂದ ಚೆದುರಿ ಬಂದ ಬೆಳಕು. ನನ್ನ ಲಕ್ಸ್ ಆಪ್‌ಗೆ ಈ ವ್ಯತ್ಯಾಸ ತಿಳಿಯಲಿಲ್ಲ, ತಿಳಿಯುವ ಹಾಗೂ ಇಲ್ಲ. ಲಕ್ಸ್ ಅನ್ನುವುದು ಮನುಷ್ಯನ ಕಣ್ಣಿಗೆ ಹೊಲಿದ ಅಳತೆ. ನಮ್ಮ ಕಣ್ಣಿಗೆ ಹಸಿರು ಅಂದರೆ ಪ್ರಾಣ. ಮರದ ಕೆಳಗೆ ನಿಂತು ಆಹಾ ಎಂಥಾ ತಂಪು ಬೆಳಕು ಅನ್ನುತ್ತೇವೆ. ಅಲ್ಲೇ ಬುಡದಲ್ಲಿರುವ ಅಲಸಂದೆಗೆ ಅದು ಯಾರೋ ಉಂಡೆದ್ದ ಎಲೆ.

ಅಲಸಂದೆಗೆ ಈ ಗುಟ್ಟು ತಿಳಿಯುವುದು ಫೈಟೋಕ್ರೋಮ್ ಅನ್ನುವ ಒಂದು ಬಣ್ಣದ ಪ್ರೋಟೀನಿನಿಂದ. ಕೆಂಪು ಬೆಳಕು, ಅಂದರೆ 660 ನ್ಯಾನೋಮೀಟರಿನ ಆಸುಪಾಸಿನದು, ಬಿದ್ದರೆ ಅದು ಒಂದು ರೂಪಕ್ಕೆ ತಿರುಗುತ್ತದೆ. 730ರ ಆಸುಪಾಸಿನ ಅಂಚುಗೆಂಪು ಬಿದ್ದರೆ ಮತ್ತೆ ಹಳೇ ರೂಪಕ್ಕೆ. ಬಾಗಿಲ ಚಿಲಕದ ಹಾಗೆ ಆಚೆ ಈಚೆ. 1952ರಲ್ಲಿ ಅಮೆರಿಕದ ಹ್ಯಾರಿ ಬಾರ್ತ್‌ವಿಕ್, ಸ್ಟರ್ಲಿಂಗ್ ಹೆಂಡ್ರಿಕ್ಸ್ ಮತ್ತವರ ಜೊತೆಯವರು ಲೆಟಸ್ ಸೊಪ್ಪಿನ ಬೀಜಕ್ಕೆ ಒಮ್ಮೆ ಕೆಂಪು, ಒಮ್ಮೆ ಅಂಚುಗೆಂಪು ಬೆಳಕು ತೋರಿಸುತ್ತಾ ಹೋದರು. ಕೆಂಪು ತೋರಿಸಿದರೆ ಮೊಳಕೆ. ಅದರ ಬೆನ್ನಿಗೇ ಅಂಚುಗೆಂಪು ತೋರಿಸಿದರೆ ಮೊಳಕೆಯಿಲ್ಲ. ಎಷ್ಟು ಸಲ ಅದಲುಬದಲು ಮಾಡಿದರೂ ಬೀಜ ಕೇಳುವುದು ಕಡೆಗೆ ಬಿದ್ದ ಬೆಳಕಿನ ಮಾತನ್ನೇ. ನಮ್ಮ ಮನೆಯಲ್ಲಿ ಟಿವಿ ರಿಮೋಟ್ ಕಡೆಗೆ ಯಾರ ಕೈಯಲ್ಲಿತ್ತು ಅನ್ನುವುದೇ ಮುಖ್ಯವಾಗುವ ಹಾಗೆ.

ಗಿಡಕ್ಕೆ ಅಂಚುಗೆಂಪು ಜಾಸ್ತಿ ಅಂದರೆ ತಲೆಯ ಮೇಲೆ ಇಲ್ಲವೇ ಮಗ್ಗುಲಲ್ಲಿ ಇನ್ನೊಂದು ಗಿಡ ನಿಂತಿದೆ ಅಂತ. ಗೋಡೆಯ ಜೊತೆ ಜಿದ್ದಿಗೆ ಬೀಳುವುದರಲ್ಲಿ ಅರ್ಥವಿಲ್ಲ, ಗಿಡದ ಜೊತೆ ಬಿದ್ದರೆ ಗೆಲ್ಲಬಹುದು. ಆಗ ಕಾಂಡ ಉದ್ದ ಮಾಡು, ಪಕ್ಕದ ಕವಲು ನಿಲ್ಲಿಸು, ಬೇರಿಗೆ ಕಳಿಸುವುದನ್ನು ಕಡಿಮೆ ಮಾಡು. ದಾರಿಯಲ್ಲಿರುವವರ ಖರ್ಚಿನ ರೀತಿಯೇ ಇದು. ಮಲ್ಲಿಗೆಯ ಬಗ್ಗೆ ಅಮ್ಮ ಹೇಳಿದ್ದರಲ್ಲಿ ನಾನು ತಿದ್ದುವಂಥದ್ದು ಏನೂ ಉಳಿಯಲಿಲ್ಲ. ಕೆಲವು ಗಿಡಗಳು ಹೀಗೆ ಹೆದರಿ ಬೇಗ ಹೂ ಬಿಟ್ಟು ಬೀಜ ಮಾಡಿಕೊಂಡು ಮುಗಿಸುವುದೂ ಉಂಟು. ನಮ್ಮ ಮಲ್ಲಿಗೆ ಆ ಜಾತಿಯದ್ದಲ್ಲ.

ನಾನು ಹೊಟ್ಟೆಪಾಡಿಗೆ ಲೆಕ್ಕಪತ್ರ ನೋಡುವವಳು. ಹಾಗಾಗಿ ಮರದ ಕೆಳಗೆ ಬೆಳಕು ಇಳಿಯುವ ರೀತಿ ಓದಿದಾಗ ಹಳೇ ನೆಂಟರನ್ನು ಕಂಡ ಹಾಗಾಯಿತು. 1953ರಲ್ಲಿ ಜಪಾನಿನ ಮೋನ್ಸಿ ಮತ್ತು ಸಾಯೆಕಿ ಇದಕ್ಕೊಂದು ಸೂತ್ರ ಬರೆದರು, ನೋಡಿದರೆ ಅದು ನಾವು ಯಂತ್ರಕ್ಕೆ ಹಾಕುವ ಸವಕಳಿ. ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಇಷ್ಟು ಶೇಕಡಾ ಕಡಿಯುವ ಹಾಗೆ, ಪ್ರತಿ ಎಲೆಪದರವೂ ತನ್ನ ಮೇಲಿನಿಂದ ಉಳಿದು ಬಂದದ್ದರಲ್ಲಿ ಒಂದು ಪಾಲು ಕಡಿಯುತ್ತದೆ. ಒಂದು ಪದರ ನೂರಕ್ಕೆ 60 ಬಿಡುತ್ತದೆ ಅಂದುಕೊಳ್ಳಿ. ಎರಡನೇ ಪದರದ ಕೆಳಗೆ 36, ಮೂರರ ಕೆಳಗೆ 22, ಐದರ ಕೆಳಗೆ 8. ಎಲೆ ನೆಟ್ಟಗೆ ನಿಂತಿದ್ದರೆ ಕಡಿತ ಕಡಿಮೆ, ಅಡ್ಡಡ್ಡ ಹರಡಿದ್ದರೆ ಜಾಸ್ತಿ. ಮಾವಿನ ಮರದ ಬುಡದಲ್ಲಿ ಹುಲ್ಲು ಕಾಣುವುದು ಅಪರೂಪ. ನುಗ್ಗೆಯ ಕೆಳಗೆ ಸೊಪ್ಪು ಬೆಳೆಯಬಹುದು. ನೆರಳು ಅಂತ ಒಂದೇ ಪದದಲ್ಲಿ ಮುಗಿಸುತ್ತೇವಲ್ಲ, ಅದು ನಮ್ಮ ತಲೆ ತಂಪಾಗುವುದನ್ನಷ್ಟೇ ನೋಡಿ ಇಟ್ಟ ಹೆಸರು.

ಈ ಊರಿನ ಸಾಲುಮರಗಳ ಮಾತು ಬಂದಾಗಲೆಲ್ಲ ಹೂವಿನ ಮಾತು ಬರುತ್ತದೆ. 1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬೀಗಲ್, ಒಂದು ಮರದ ಹೂ ಮುಗಿಯುವಾಗ ಇನ್ನೊಂದರದ್ದು ಶುರುವಾಗುವ ಹಾಗೆ ಬೀದಿಗಳಿಗೆ ಮರ ಆರಿಸಿದ್ದನ್ನು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದರ ಜೊತೆಗೇ ನೆರಳಿಗೂ ಒಂದು ಪಂಚಾಂಗ ಇದೆ, ಅದನ್ನು ಗಮನಿಸುವವರು ಕಮ್ಮಿ. ಮಾಘ ಫಾಲ್ಗುಣದಲ್ಲಿ ಎಷ್ಟೋ ಮರಗಳು ಬೋಳಾಗಿ ನೆಲಕ್ಕೆ ಬೆಳಕು ಸುರಿಯುತ್ತದೆ. ಯುಗಾದಿಯ ಹೊತ್ತಿಗೆ ಹೊಂಗೆ ಚಿಗುರಿ ಬಾಗಿಲು ಹಾಕಿಕೊಳ್ಳುತ್ತದೆ. ಅಷ್ಟರಲ್ಲಿ ಬಿಸಿಲು ಕಂಡವರೇ ಜಾಣರು. ಏಪ್ರಿಲ್ 24ರ ಹೊತ್ತಿಗೆ ಮತ್ತು ಆಗಸ್ಟ್ 18ರ ಹೊತ್ತಿಗೆ ಬೆಂಗಳೂರಿನಲ್ಲಿ ಸೂರ್ಯ ನಡುನೆತ್ತಿಗೆ ಬರುತ್ತಾನೆ, ಕಂಬಕ್ಕೆ ನೆರಳೇ ಇರುವುದಿಲ್ಲ. ಇವೆರಡರ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ. ವರ್ಷವೆಲ್ಲ ಪಾಚಿ ಕಟ್ಟುವ ಉತ್ತರದ ಗೋಡೆಗೆ ಮೇ ತಿಂಗಳಲ್ಲಿ ಬಿಸಿಲು ಬರುವುದನ್ನು ನೋಡಿ, ಇದೆಲ್ಲಿಂದ ಬಂತಪ್ಪ ಅಂತ ನಾನು ಬೆರಗಾಗಿದ್ದೆ. ಅಮ್ಮನಿಗೆ ಬೆರಗೇನಿಲ್ಲ, ಅವಳು ಉಪ್ಪಿನಕಾಯಿ ಭರಣಿಯನ್ನು ಆಗಲೇ ಆ ಕಡೆ ಸಾಗಿಸಿದ್ದಳು.

ಒಂದರಿಯ ತೂತುಗಳ ವಿಷಯ ಬೇರೆ. ಎಲೆಗಳ ನಡುವಿನ ಸಂದಿಯಿಂದ ಬೀಳುವ ಮಚ್ಚೆಯಲ್ಲಿ ಹಿಟ್ಟೂ ಇದೆ ತೌಡೂ ಇದೆ, ಪೂರ್ತಿ ಬಿಸಿಲು. ಸಂದಿ ಯಾವ ಆಕಾರದ್ದಾದರೂ ಮಚ್ಚೆ ಮಾತ್ರ ದುಂಡಗೆ ಬೀಳುತ್ತದೆ, ಯಾಕೆಂದರೆ ಅದು ಸೂರ್ಯನದೇ ಚಿತ್ರ. ಇದನ್ನು ನಾನು ಓದಿದ್ದೆ, ಆದರೆ ನಂಬಿದ್ದು 2019ರ ಡಿಸೆಂಬರ್ 26ರ ಗ್ರಹಣದ ದಿನ. ಮಂಗಳೂರಿನ ಕಡೆಯವರಿಗೆ ಕಂಕಣ, ನಮಗಿಲ್ಲಿ ಪಾರ್ಶ್ವ. ಅಮ್ಮ ಹಾಲು, ದೋಸೆ ಹಿಟ್ಟು, ಉಪ್ಪಿನಕಾಯಿ ಎಲ್ಲದರ ಮೇಲೂ ದರ್ಭೆ ಹಾಕಿ ಒಳಗೆ ಕೂತಿದ್ದಳು. ನಾನು 9.30ರ ಸುಮಾರಿಗೆ ಹೊರಗೆ ಬಂದರೆ ಅಂಗಳದ ತುಂಬ ಕುಡುಗೋಲುಗಳು. ನೂರಾರು, ಒಂದೇ ಕಡೆಗೆ ಬಾಗಿದವು, ಗಾಳಿಗೆ ಒಂದರ ಮೇಲೊಂದು ಹತ್ತಿ ಇಳಿಯುತ್ತಿದ್ದವು. ಕಿಟಕಿಯಿಂದ ಅಮ್ಮನನ್ನು ಕೂಗಿದೆ. ಕಣ್ಣು ಮುಚ್ಚಿಕೊಂಡೇ “ಒಳಗ್ ಬಾ” ಅಂದಳು.

ಸಂದಿ ಹತ್ತು ಮೀಟರ್ ಮೇಲಿದ್ದರೆ ಮಚ್ಚೆಯ ಅಡ್ಡಳತೆ ಸುಮಾರು 9 ಸೆಂಟಿಮೀಟರ್, ಒಂದು ಇಡ್ಲಿಯಷ್ಟು. ಸೂರ್ಯ ಆಕಾಶದಲ್ಲಿ ತನ್ನ ಅಗಲದಷ್ಟು ಸರಿಯಲು 2 ನಿಮಿಷ ಸಾಕು. ಅಂದರೆ ಸಣ್ಣ ಸಂದಿಯ ಇಡ್ಲಿಯೂ ಎರಡೇ ನಿಮಿಷಕ್ಕೆ ತನ್ನ ಜಾಗ ಬಿಟ್ಟು ಪಕ್ಕಕ್ಕೆ ಹೋಗಿರುತ್ತದೆ. ಕೆಳಗಿನ ಎಲೆಯ ಕಷ್ಟ ಇಲ್ಲಿದೆ. ನೆರಳಲ್ಲಿ ತೂಕಡಿಸುತ್ತಿದ್ದ ಎಲೆಗೆ ಬೆಳಕು ಬಿದ್ದ ಕೂಡಲೇ ಪೂರ್ತಿ ಕೆಲಸ ಶುರುಮಾಡಲು ಆಗುವುದಿಲ್ಲ. ಪತ್ರರಂಧ್ರ ತೆರೆಯಬೇಕು, ಇಂಗಾಲ ಹಿಡಿಯುವ ಕಿಣ್ವ ಎಚ್ಚರಗೊಳ್ಳಬೇಕು. ಇದಕ್ಕೆಲ್ಲ ಹತ್ತಿಪ್ಪತ್ತು ನಿಮಿಷ ಹಿಡಿಯುತ್ತದೆ. ಸೌದೆ ಒಲೆಯ ಕಥೆ. ಆದರೆ ಒಂದು ಮಚ್ಚೆ ಹೋಗಿ ಸ್ವಲ್ಪ ಹೊತ್ತಿಗೇ ಇನ್ನೊಂದು ಬಂದರೆ ಕೆಂಡ ಇನ್ನೂ ಆರಿರುವುದಿಲ್ಲ, ಎಲೆ ಥಟ್ಟನೆ ಹತ್ತಿಕೊಳ್ಳುತ್ತದೆ. ದಟ್ಟ ಮಳೆಕಾಡಿನ ನೆಲಕ್ಕೆ ಬಯಲಿನ ಬೆಳಕಿನ ನೂರರಲ್ಲಿ ಒಂದೆರಡು ಪಾಲು ಮಾತ್ರ ಮುಟ್ಟುತ್ತದೆ, ಅದರಲ್ಲಿ ದೊಡ್ಡ ಪಾಲು ಇಂಥ ಮಚ್ಚೆಗಳದ್ದು. ಅಲ್ಲಿನ ಗಿಡಗಳು ಬದುಕುವುದು ಚಿಲ್ಲರೆ ಕೂಡಿಸಿಕೊಂಡು.

ನಮ್ಮ ಮಳೆಮರದ್ದು ಇನ್ನೊಂದು ತಮಾಷೆ ಇದೆ. ಸಂಜೆಯಾದರೆ, ಮೋಡ ಕವಿದರೆ ಅದು ಎಲೆ ಮಡಚಿಕೊಳ್ಳುತ್ತದೆ. ಒಂದೊಂದು ಕಿರುಎಲೆಯ ಬುಡದಲ್ಲೂ ಅಕ್ಕಿಕಾಳಿಗಿಂತ ಚಿಕ್ಕ ಉಬ್ಬು ಇದೆ. ಅದರ ಒಂದು ಮಗ್ಗುಲ ಕೋಶಗಳಿಂದ ಪೊಟ್ಯಾಸಿಯಂ ಹೊರಟರೆ ನೀರೂ ಹಿಂದೆ ಹೊರಡುತ್ತದೆ, ಆ ಮಗ್ಗುಲು ಕುಗ್ಗಿ ಎಲೆ ಮಡಚುತ್ತದೆ. ಅಮೆರಿಕದ ರೂತ್ ಸ್ಯಾಟರ್ ಅನ್ನುವ ವಿಜ್ಞಾನಿ ಇದೇ ಮರದ ಎಲೆ ಹಿಡಿದು ವರ್ಷಗಟ್ಟಲೆ ಕೆಲಸ ಮಾಡಿದರು. ಕತ್ತಲೆ ಕೋಣೆಯಲ್ಲಿಟ್ಟರೂ ಎಲೆ ಹೊತ್ತು ಹೊತ್ತಿಗೆ ತೆರೆದು ಮುಚ್ಚುತ್ತದೆ, ಒಳಗೊಂದು ಗಡಿಯಾರವಿದೆ. ಆ ಗಡಿಯಾರದ ಮುಳ್ಳು ತಿರುಗಿಸುವುದರಲ್ಲಿ ಅದೇ ಫೈಟೋಕ್ರೋಮ್‌ನ ಕೈಯಿದೆ. ನಮಗೆ ಇದರ ಲಾಭ ಅಂದರೆ ಸಂಜೆ ಕಾಫಿಯ ಹೊತ್ತಿಗೆ ಒಂದರಿ ಸಡಿಲವಾಗಿ ಅಂಗಳ ಇದ್ದಕ್ಕಿದ್ದಂತೆ ಬೆಳ್ಳಗಾಗುವುದು. ಮಳೆ ಬಂದರೆ ಹನಿಗಳೂ ನೇರ ನೆಲಕ್ಕೆ.

ಹೋದ ವರ್ಷ ಮೇ ಕೊನೆಯಲ್ಲಿ, ಒಂದು ಮಂಗಳವಾರ ನಾನು ಆಫೀಸಿಗೆ ಹೋಗಿದ್ದಾಗ ಕೊಂಬೆ ಕಡಿಯುವವರು ಬಂದರು. ತಂತಿಗೆ ತಾಗುತ್ತದೆ ಅಂತ ನಮ್ಮ ಕಡೆಯ ಅರ್ಧ ಮರವನ್ನು ಇಳಿಸಿಬಿಟ್ಟರು. ಸಂಜೆ ಬಂದಾಗ ಮನೆಯ ಮುಖವೇ ಬೇರೆ. ಗೋಡೆಯ ಬಣ್ಣ ಇಷ್ಟು ಮಾಸಿದೆ ಅಂತ ಆವತ್ತೇ ಗೊತ್ತಾಗಿದ್ದು.

ಮೊದಲು ಬಿದ್ದದ್ದು ವೀಳ್ಯದೆಲೆ ಬಳ್ಳಿ. ನಲ್ಲಿಯ ಹತ್ತಿರ, ಕಲ್ಲುಚಪ್ಪಡಿಗೆ ಆತುಕೊಂಡು ಹತ್ತು ವರ್ಷದಿಂದ ಇದ್ದದ್ದು. ಎಲೆಗಳು ಅಂಗೈಗಿಂತ ಅಗಲ, ತೆಳ್ಳಗೆ, ಕಪ್ಪುಹಸಿರು. ನೆರಳಿನ ಎಲೆಗಳು ಇರುವುದೇ ಹಾಗೆ, ಬೀಳುವ ಒಂದು ಕಣವನ್ನೂ ಬಿಡಬಾರದು ಅಂತ ಬಲೆ ಅಗಲವಾಗಿ ಹರಡಿರುತ್ತವೆ. ಅಂಥ ಬಲೆಗೆ ಒಮ್ಮೆಲೇ ಜೂನಿನ ಬಿಸಿಲು ಬಿತ್ತು. ಹಿಡಿದದ್ದನ್ನು ಅರಗಿಸಿಕೊಳ್ಳುವ ಶಕ್ತಿಯಿಲ್ಲ, ಬಲೆಯೇ ಸುಟ್ಟಿತು. ಮೂರನೇ ದಿನ ಎಲೆಯ ನಡುವೆ ಬೂದುಬಣ್ಣದ ಕಲೆ, ವಾರದೊಳಗೆ ಅದು ಕಂದಿ, ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಬಲಿತ ನೆರಳೆಲೆ ಬಿಸಿಲೆಲೆಯಾಗಿ ಬದಲಾಗುವುದು ಕಷ್ಟ. ಗಿಡ ಹೊಸ ಎಲೆಯನ್ನೇ ಹೊಸ ಬೆಳಕಿಗೆ ತಕ್ಕಂತೆ ಮಾಡಬೇಕು. ಆಮೇಲೆ ಬಂದ ಎಲೆಗಳು ಚಿಕ್ಕವು, ದಪ್ಪ, ಹಳದಿ ಮಿಶ್ರ ಹಸಿರು. ಅಮ್ಮ ಒಂದನ್ನು ಅಡಿಕೆ ಹಾಕಿ ಅಗಿದು, “ಖಾರ ಕಣೇ, ನಾಲಿಗೆ ಚುರ್ ಅಂತು” ಅಂದಳು. ದೂರುತ್ತಿದ್ದಳೋ ಮೆಚ್ಚುತ್ತಿದ್ದಳೋ ತಿಳಿಯಲಿಲ್ಲ.

ಬಳ್ಳಿ ಸುಡುತ್ತಿದ್ದ ಅದೇ ವಾರ ಮರದ ಬುಡದ ಬರಿಮಣ್ಣಿನಲ್ಲಿ ನಾವು ಯಾರೂ ಬಿತ್ತದ ಹಸಿರು ಎದ್ದಿತು. ನೆಲನೆಲ್ಲಿ, ಗರಿಕೆ, ಹೆಸರು ಗೊತ್ತಿಲ್ಲದ ಇನ್ನೇನೋ. ನನಗೆ ಲೆಟಸ್ ಬೀಜದ ನೆನಪಾಯಿತು. ಎಷ್ಟು ವರ್ಷದಿಂದ ಮಣ್ಣಲ್ಲಿ ಅಂಚುಗೆಂಪಿನ ಮಾತು ಕೇಳುತ್ತಾ ಸುಮ್ಮನೆ ಕೂತಿದ್ದವೋ, ಕೆಂಪು ಬಿದ್ದದ್ದೇ ತಡ ಎದ್ದುಬಿಟ್ಟಿದ್ದವು.

ಜುಲೈನಲ್ಲಿ ಮೂಡಿಗೆರೆಯಿಂದ ಸೋದರಮಾವ ಬಂದರು. ಗೇಟು ತೆಗೆಯುವ ಮೊದಲೇ ತಲೆಯೆತ್ತಿ ಮರ ನೋಡಿ, “ಯಾವನಮ್ಮ ಈ ಮರಗಸಿ ಮಾಡಿದ್ದು? ನಮ್ಮಲ್ಲಾಗಿದ್ರೆ ಕೂಲಿ ಕೊಡ್ತಿರಲಿಲ್ಲ,” ಅಂದರು. ಕಾಫಿ ತೋಟದವರಿಗೆ ನೆರಳು ಅಂದರೆ ಅಳೆದು ತೂಗಿ ಇಡುವ ಸಾಮಾನು. ಮೇಲೆ ಹಲಸು, ಅತ್ತಿ, ಸಿಲ್ವರ್ ಓಕ್; ಅದರ ಕೆಳಗೆ ಹಾಲುವಾಣ; ಅದರ ಕೆಳಗೆ ಕಾಫಿ. ಮಳೆಗಾಲದ ಕಪ್ಪು ಮೋಡದ ದಿನಗಳಲ್ಲಿ ಗಿಡಕ್ಕೆ ಬೆಳಕು ಸಾಲದು ಅಂತ ಮಳೆ ಹಿಡಿಯುವ ಮುಂಚೆ ಕೊಂಬೆ ತೆಳು ಮಾಡುತ್ತಾರೆ, ಅದೇ ಮರಗಸಿ. “ನೆರಳು ಜಾಸ್ತಿಯಾದ್ರೆ ಎಲೆ ನೋಡೋಕೆ ಲಕ್ಷಣ, ಕಾಯಿ ಇರಲ್ಲ. ಕಮ್ಮಿಯಾದ್ರೆ ಅರೇಬಿಕಾಕ್ಕೆ ಕಾಂಡಕೊರಕ ಗ್ಯಾರಂಟಿ. ಎಲ್ಲಾ ಕಡೆಯಿಂದ ಸಮ ತೆಗೀಬೇಕು. ಹಿಂಗೆ ಅರ್ಧ ತಲೆ ಬೋಳಿಸಿ ಬಿಟ್ರೆ ಮರ ಗಾಳಿಗೆ ಯಾವ ಕಡೆ ವಾಲುತ್ತೆ ಹೇಳು?” ಮಾವನ ಮಾತು ಕೇಳುತ್ತಾ ನನಗೆ ನಮ್ಮ ಬೀದಿಯವರ ಮೇಲೆ, ನನ್ನನ್ನೂ ಸೇರಿಸಿ, ಬೇಸರ ಬಂತು. ಮರ ಬೇಕು ಅಂತ ಒಬ್ಬರು, ಬೇಡ ಅಂತ ಒಬ್ಬರು ಜಗಳವಾಡುತ್ತೇವೆ; ಎಷ್ಟು ನೆರಳು, ಯಾವ ತಿಂಗಳಲ್ಲಿ, ಯಾವ ಕಡೆಯಿಂದ ಅಂತ ಕೇಳುವವರನ್ನು ನಾನು ಕಂಡಿಲ್ಲ.

ಮಲ್ಲಿಗೆಗೆ ಮಾತ್ರ ಆ ಮಂಗಳವಾರ ಹಬ್ಬ. ಅಮ್ಮ ಬಳ್ಳಿಯನ್ನು ಮೊಣಕಾಲೆತ್ತರಕ್ಕೆ ಸವರಿದಳು. ಆಗಸ್ಟ್ ಹೊತ್ತಿಗೆ ಕವಲು ಕವಲಾಗಿ ಒಡೆದು ಪೊದೆಯಾಯಿತು. ವರಮಹಾಲಕ್ಷ್ಮಿ ಹಬ್ಬಕ್ಕೆ ಪೇಟೆಯಲ್ಲಿ ಮೊಳದ ಬೆಲೆ ಕೇಳಿ ಎದೆ ಒಡೆಯುವಾಗ, ನಮ್ಮ ದೇವರಿಗೆ ನಮ್ಮದೇ ಮಲ್ಲಿಗೆ. ಎರಡು ಮೊಳವಾಯಿತು. ಅಮ್ಮ ಅದರಲ್ಲೊಂದು ತುಂಡು ಕತ್ತರಿಸಿ ಹೊರಗೆ ಹೋಗಿ ಮಳೆಮರದ ಗಾಯದ ಹತ್ತಿರ ಸಿಕ್ಕಿಸಿ ಬಂದಳು. ನಾನು ಏನೂ ಕೇಳಲಿಲ್ಲ.

ಈಗ ಮರ ಮತ್ತೆ ಮುಚ್ಚಿಕೊಳ್ಳುತ್ತಿದೆ. ಕಡಿದಲ್ಲೆಲ್ಲ ಪೊರಕೆಯ ಹಾಗೆ ಚಿಗುರು ಬಂದು, ಹೋದ ತಿಂಗಳಿನಿಂದ ಅಂಗಳದಲ್ಲಿ ಪುನಃ ಮಚ್ಚೆಗಳು. ಮಲ್ಲಿಗೆಯೂ ಎರಡು ಉದ್ದನೆಯ ಕುಡಿ ಬಿಟ್ಟಿದೆ, ಸಜ್ಜೆಯ ಕಡೆಗೆ. ಬಳ್ಳಿಯನ್ನು ದೊಡ್ಡ ಕುಂಡಕ್ಕೆ ಹಾಕಿ, ಬಿಸಿಲು ಜಾಸ್ತಿ ಬೀಳುವ ಜಾಗ ನೋಡಿ ಇಡುವುದು ಅಂತ ಅಮ್ಮ ತೀರ್ಮಾನಿಸಿದಳು. ಈ ಭಾನುವಾರ 10.30ಕ್ಕೆ ರಂಗೋಲಿ ಡಬ್ಬಿ ಹಿಡಿದುಕೊಂಡು ಬಂದು ದೊಡ್ಡ ದೊಡ್ಡ ಮಚ್ಚೆಗಳ ಸುತ್ತ ಗೆರೆ ಎಳೆಯಲು ಕೂತಳು. ಮಂಡಿ ನೋವಿನವಳು, ನಿಧಾನಕ್ಕೆ ಎಳೆಯುತ್ತಾಳೆ. ಐದನೆಯದನ್ನು ಮುಗಿಸಿ ತಿರುಗಿ ನೋಡಿದರೆ ಮೊದಲನೇ ಸುತ್ತಿನಿಂದ ಬಿಸಿಲು ಪೂರ್ತಿ ಹೊರಗೆ ಬಂದು ಕೂತಿತ್ತು. ಸೊಂಟಕ್ಕೆ ಕೈಯಿಟ್ಟುಕೊಂಡು ಅದನ್ನೇ ದಿಟ್ಟಿಸಿದಳು. ಆಮೇಲೆ ಅದರ ಪಕ್ಕಕ್ಕೆ ಇನ್ನೊಂದು ಸುತ್ತು ಹಾಕಿದಳು.

ಹನ್ನೊಂದೂವರೆಯ ಹೊತ್ತಿಗೆ ಅಂಗಳದ ತುಂಬ ಒಂದಕ್ಕೊಂದು ತೆಕ್ಕೆ ಹಾಕಿಕೊಂಡ ಬಿಳೀ ಬಳೆಗಳು. ಪೇಪರ್ ಬಿಲ್ಲಿಗೆ ಬಂದ ಹುಡುಗ ಗೇಟಿನಲ್ಲೇ ನಿಂತು, “ಇದ್ಯಾವ ಹಬ್ಬ ಅಜ್ಜಿ?” ಅಂದ.

“ಹಬ್ಬ ಅಲ್ಲಪ್ಪ, ಮಲ್ಲಿಗೆಗೆ ಜಾಗ ನೋಡ್ತಿದೀನಿ. ತುಳೀಬೇಡ, ಆ ಕಡೆಯಿಂದ ಬಾ.”